ಶಾಲಿನ ಧಣಿ

ಹುಲಸೂರಿನಿಂದ ಹುಮನಾಬಾದಿನವರೆಗೆ ಯಾವ ಊರಿಗೆ ಹೋದರೂ ಒಬ್ಬ ಕಲಾಪೋಷಕರು ಇದ್ದೇ ಇರುತ್ತಾರೆ. ಜಾತ್ರೆಯಿರಲಿ, ಜಯಂತಿಯಿರಲಿ, ವೇದಿಕೆಯ ನಡುಗುರ್ಚಿ ಅವರದೇ. ಪೆಂಡಾಲಿನವನಿಗೆ ಮುಂಗಡ ಕೊಡುತ್ತಾರೆ, ಮೈಕಿನವನಿಗೆ ಅಂದೇ ರಾತ್ರಿ ಎಣಿಸಿಕೊಡುತ್ತಾರೆ. ಹಾಡಿದವನಿಗೆ ಮಾತ್ರ ಶಾಲು, ಹಾರ, ಫಲಕ. ಅವನು ಸಂಕೋಚದಿಂದ ಬಸ್ ಚಾರ್ಜಿನ ಮಾತೆತ್ತಿದರೆ, “ನಿಮ್ಮ ಕಲಾಕ್ಕ ಬೆಲಿ ಕಟ್ಲಿಕ್ಕ ಆಗ್ತದೇನ್ರಿ?” ಎಂದು ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಆ ಕಣ್ಣೀರು ನಿಜವಾದದ್ದು, ತೊಡಕಿರುವುದೇ ಅಲ್ಲಿ. ಬಂದ ಅತಿಥಿಗಳನ್ನೆಲ್ಲ ಜಲಸಂಗಿಯ ಗುಡಿಗೆ ಕರೆದೊಯ್ದು, ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯ ಮುಂದೆ ನಿಲ್ಲಿಸಿ, ಚಾಲುಕ್ಯರ ಕಾಲದ ಉಳಿಗೆ ಕೈಮುಗಿಯುವವರೂ ಇವರೇ. ಸತ್ತ ಶಿಲ್ಪಿ ಬಿಲ್ ಕೊಡುವುದಿಲ್ಲ ಎಂಬುದು ಆ ಭಕ್ತಿಗೆ ಅಡ್ಡಿಯೇನಲ್ಲ.

ಜೀವಂತ ಉಳಿಯ ಮುಂದೆ ಇದೇ ಭಕ್ತಿ ತಕ್ಕಡಿ ಹಿಡಿಯುತ್ತದೆ. ಬೀದರಿನ ಬಿದರಿ ಅಂಗಡಿಯಲ್ಲಿ ಹೂದಾನಿಯನ್ನು ಕೈಯಲ್ಲಿ ತೂಗಿ, “ಸತು ಕಿಲೋಕ್ಕ ಎಷ್ಟದ?” ಎನ್ನುತ್ತಾರೆ. ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಅರದಿಂದ ನಯಗೊಳಿಸಿ, ಉಳಿಯಿಂದ ಬಳ್ಳಿ ಕೊರೆದು, ಆ ಗೀರಿನಲ್ಲಿ ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಮಣ್ಣಿನ ಕುದಿನೀರಲ್ಲಿ ಕಪ್ಪೇರಿಸಿದ ಕೆಲಸ ಅವರ ಲೆಕ್ಕದಲ್ಲಿ ಲೋಹದ ಜೊತೆ ಬಂದ ಕೊಸರು. ಅವರ ವಾದ ಸರಳ: ಕಲಾವಿದನಿಗೆ ಕೆಲಸದಲ್ಲೇ ಸಂತೋಷ ಸಿಗುತ್ತದಲ್ಲ, ಮತ್ತೆ ರೊಕ್ಕ ಯಾಕೆ? ಈ ನ್ಯಾಯದ ಪ್ರಕಾರ ರೋಗಿಯನ್ನು ನಗುನಗುತ್ತಾ ನೋಡುವ ಡಾಕ್ಟರು ಫೀಸು ಬಿಡಬೇಕು, ಮುಖ ಗಂಟಿಕ್ಕಿದವರು ದುಪ್ಪಟ್ಟು ಪಡೆಯಬೇಕು. ಕೆಲಸದ ಮೇಲಿನ ಪ್ರೀತಿ ಮಾಡುವವನ ಬಂಡವಾಳ, ಕೊಳ್ಳುವವನ ರಿಯಾಯಿತಿಯಲ್ಲ.

ಇಷ್ಟಕ್ಕೆ ಸೋಲುವವರಲ್ಲ ಅವರು. ಕೊನೆಗೆ ಬಸವಕಲ್ಯಾಣವನ್ನೇ ಸಾಕ್ಷಿಗೆ ಕರೆಯುತ್ತಾರೆ: “ಇದು ಶರಣರ ನೆಲಾ ರೀ, ರೊಕ್ಕದ ಆಸಿ ಇರಬಾರದು.” ಗಂಡ ಮಾರಯ್ಯ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಶರಣೆ ಆಯ್ದಕ್ಕಿ ಲಕ್ಕಮ್ಮ ಹಿಂದಕ್ಕೆ ಕಳಿಸಿದಳೆಂಬುದು ಸರಿ. ಆಕೆ ಕಳಿಸಿದ್ದು ಹೆಚ್ಚಿನದನ್ನು. ದಿನದ ಪಾಲಿನ ಅಕ್ಕಿಯಿಂದ ಒಲೆ ಉರಿಯುತ್ತಲೇ ಇತ್ತು. ಇನ್ನೊಬ್ಬ ಶರಣ ನುಲಿಯ ಚಂದಯ್ಯ ಹಗ್ಗ ಹೊಸೆದು ಮಾರಿ, ಬಂದದ್ದರಲ್ಲೇ ದಾಸೋಹ ನಡೆಸಿದ. ಹಗ್ಗಕ್ಕೆ ಪ್ರತಿಯಾಗಿ ಶಾಲು ಹೊದಿಸಿದ್ದರೆ ಜಂಗಮರಿಗೆ ಏನು ಬಡಿಸುತ್ತಿದ್ದ? ದುಡಿಮೆಯ ಜೊತೆಗೇ ವಚನ ಹುಟ್ಟಿದ ಊರಿದು. ಕಲಾವಿದ ಉಪವಾಸವಿದ್ದರಷ್ಟೇ ಕಲೆ ಶುದ್ಧ ಎಂಬ ಮಾತು ಇಲ್ಲಿಯದಲ್ಲ. ಹಾಗೆಂದೇ ಕಲಾವಿದನಿಗೂ ಒಂದು ಪಾಠವಿದೆ: ರಾಗ ಕಲಿತಷ್ಟೇ ಶ್ರದ್ಧೆಯಿಂದ ಲೆಕ್ಕ ಕಲಿಯಬೇಕು, ವೇದಿಕೆ ಹತ್ತುವ ಮುಂಚೆಯೇ ದರ ಹೇಳಬೇಕು. ಸಣ್ಣ ಊರಿನ ಸಮಿತಿಗಳ ಹತ್ತಿರ ಹಣ ಕಡಿಮೆ ಎಂಬುದೂ ನಿಜವೇ. ಆದರೆ ಇದ್ದದ್ದು ಇಷ್ಟೇ ಎಂದು ಮೊದಲೇ ಹೇಳುವುದಕ್ಕೆ ಖರ್ಚಿಲ್ಲ. ಪೋಷಕರ ಮುಖವಿರುವ ನಾಲ್ಕು ಫ್ಲೆಕ್ಸ್ ಕಡಿಮೆಯಾದರೆ ತಬಲಾದವನ ಸಂಭಾವನೆ ಹೊರಡುತ್ತದೆ. ಆದ್ದರಿಂದ ಧಣಿಗಳೇ, ಮುಂದಿನ ಜಯಂತಿಯ ಖರ್ಚಿನ ಪಟ್ಟಿ ಬರೆಯುವಾಗ ಕಲಾವಿದನನ್ನು ಮೊದಲ ಸಾಲಿಗೆ ಬರೆಯಿರಿ. ಹಣ ಉಳಿದರೆ ಶಾಲು ತನ್ನಿ.