ತೀರ್ಪುಗಾರರ ತೀರ್ಮಾನವೇ ಅಂತಿಮ
‘ಪ್ರಜಾವಾಣಿ’ ದೀಪಾವಳಿ ಕಥಾಸ್ಪರ್ಧೆಯ ಪ್ರಕಟಣೆ ಬಂದರೆ ಸಾಕು, ನಾಡಿನ ಅರ್ಧ ಜನ ಕಥೆಗಾರರಾಗುತ್ತಾರೆ. ಉಳಿದರ್ಧ, ಬಹುಮಾನಿತ ಕಥೆ ಓದಿ ವಿಮರ್ಶಕರಾಗುತ್ತಾರೆ. ಅದನ್ನು ನೋಡಿ ನಮ್ಮ ಬರಹಗಾರರ ಬಳಗವೂ ವರ್ಷಕ್ಕೊಮ್ಮೆ ಸ್ಪರ್ಧೆಗೆ ಕೈಹಾಕುತ್ತದೆ.

‘ಕಥೆಯ ಹಾಳೆಯಲ್ಲಿ ಹೆಸರು ಬೇಡ’ ಎಂದರೆ ನಾಯಕನಿಗೇ ತಮ್ಮ ಹೆಸರಿಡುವ ಜಾಣರಿದ್ದಾರೆ. 2,000 ಪದಗಳ ಮಿತಿ ಎಂದರೆ ಪದ ಬಿಟ್ಟು ಅಕ್ಷರದ ಗಾತ್ರ ಕುಗ್ಗಿಸುವವರೂ ಉಂಟು. ಕೊನೆಯ ದಿನದವರೆಗೆ ಬೆರಳೆಣಿಕೆಯ ಲಕೋಟೆ; ಗಡುವು ಮುಗಿದ ಮೇಲೆ ‘ಸಾರ್, ಇನ್ನೊಂದೆರಡು ದಿನ ಕೊಡಿ’ ಎಂಬ ಫೋನುಗಳ ಸುರಿಮಳೆ.

ಊರಲ್ಲಿ ತೀರ್ಪುಗಾರರಿಗೇನೂ ಬರವಿಲ್ಲ; ಯಾವ ಸ್ಪರ್ಧಿಗೂ ನೆಂಟರಲ್ಲದವರು ಸಿಗಬೇಕಷ್ಟೆ. ಅವರ ತೀರ್ಮಾನವೇ ಅಂತಿಮ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸುತ್ತೇವೆ. ಅಸಲಿ ತೀರ್ಪು ಹೊರಬೀಳುವುದು ಮಾತ್ರ ಸಮಾರಂಭದ ಉಪ್ಪಿಟ್ಟಿನ ಸಾಲಿನಲ್ಲಿ, ಬಹುಮಾನ ಬಾರದವರ ಬಾಯಲ್ಲಿ!