ಒಂದು ತೊಟ್ಟಿನ ಪರೀಕ್ಷೆ

ಮಗಳ ಮೊದಲ ಸಂಬಳದ ಔತಣ. ಬೆಂಗಳೂರಿನ ಆ ಭಾರೀ ಹೋಟೆಲಿನಲ್ಲಿ ತಟ್ಟೆ ಗಾಡಿಚಕ್ರದಷ್ಟು, ನಡುವಿನ ಊಟ ಹಣೆಯ ಕುಂಕುಮದಷ್ಟು. ಸುತ್ತಲೂ ಹಸಿರು ಸಾಸಿನ ಚುಕ್ಕಿಗಳು. ನನ್ನಾಕೆ ರಂಗೋಲಿಯ ಎಳೆ ಸೇರಿಸುವವಳಂತೆ ಫೋರ್ಕ್ ಹಿಡಿದಳು.

ವೈನ್ ಬಂತು. ಕೋಟಿನ ಹುಡುಗ ಒಂದೇ ತೊಟ್ಟು ಸುರಿದು ನನ್ನ ಮುಖ ನೋಡುತ್ತ ನಿಂತ. “ಇಷ್ಟೇನಾ?” ಅಂದೆ. ಮಗಳು ಮೇಜಿನಡಿ ಕಾಲು ತುಳಿದಳು. ಅದು ಕೆಟ್ಟಿದೆಯೋ ಇಲ್ಲವೋ ನಾನೇ ಹೇಳಬೇಕಂತೆ! ಲೋಟವನ್ನು ಗಿರ್ರನೆ ತಿರುಗಿಸಿ, ಮೂಗು ಇಳಿಸಿ, ಮೂರು ದಿನದ ಮಜ್ಜಿಗೆ ಪರೀಕ್ಷಿಸುವ ಗಾಂಭೀರ್ಯದಿಂದ ತಲೆಯಾಡಿಸಿದೆ.

“ಓಕ್, ಚೆರ್ರಿ, ಸ್ವಲ್ಪ ತಂಬಾಕು... ಗೊತ್ತಾಗ್ತಿದೆಯಾ ಸಾರ್?”

ನನಗೆ ಗೊತ್ತಾಗಿದ್ದು ಅಟ್ಟದ ಮೇಲಿನ ಒದ್ದೆ ಕೊಡೆ. ಮರ್ಯಾದೆ ಉಳಿಸಿಕೊಳ್ಳಲು, ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲೇ ಭೌಗೋಳಿಕ ಸೂಚಕ ಸಿಕ್ಕಿದೆ ಎಂದು ಉಪನ್ಯಾಸ ಶುರುಮಾಡಿದೆ. ಹುಡುಗ ವಿನಯದಿಂದ, “ಇದು ಫ್ರಾನ್ಸಿನದು ಸಾರ್” ಎಂದ.

ಬಿಲ್ಲು ನೋಡಿ ಮಗಳು ಮೌನಿಯಾದಳು. ಜೊತೆಗೆ ಬಂದಿದ್ದ ನನ್ನ ಅಮ್ಮ ಮಾತ್ರ ಖಾಲಿ ಸೀಸೆಯನ್ನು ಬಿರಡೆ ಸಮೇತ ಕೈಚೀಲಕ್ಕೆ ಇಳಿಸಿದರು. ಮುಕ್ಕಾಲು ಲೀಟರಿನ ದಪ್ಪ ಗಾಜು, ಬಿಡುತ್ತಾರೆಯೇ? ಈಗ ಅದರಲ್ಲಿ ದೇವರ ದೀಪದ ಎಳ್ಳೆಣ್ಣೆ ಇದೆ.