ಹುಟ್ಟೂರಪ್ಪನ ಪಂಚಾಯ್ತಿ

ರಾಯದುರ್ಗದಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಯಾವ ಹೋಟೆಲಿಗೆ ಕಾಲಿಟ್ಟರೂ ಎರಡು ಸಿಗುವುದು ಖಾತ್ರಿ: ಒಂದು ಉಗ್ಗಾನಿ, ಇನ್ನೊಂದು ಹುಟ್ಟೂರಪ್ಪ. ಉಗ್ಗಾನಿಯೆಂದರೆ ಮಂಡಕ್ಕಿಯನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಯಲ್ಲಿ ಹೊರಳಿಸಿ, ಮೇಲೆ ಪುಟಾಣಿ ಪುಡಿ ಉದುರಿಸಿ, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಇಟ್ಟು ಕೊಡುವ ತಿಂಡಿ. ಅದು ತಮ್ಮದೆಂದು ಬಳ್ಳಾರಿಯವರು ಹೇಳುತ್ತಾರೆ, ತಮ್ಮದೆಂದು ಅನಂತಪುರದವರು ಹೇಳುತ್ತಾರೆ, ತಿನ್ನುವವನು ಇನ್ನೊಂದು ಪ್ಲೇಟು ಹೇಳುತ್ತಾನೆ. ಹುಟ್ಟೂರಪ್ಪ ಎನ್ನುವುದು ಯಾರೋ ಒಬ್ಬರ ಹೆಸರಲ್ಲ, ಅದೊಂದು ಹುದ್ದೆ. ಸಂಬಳವಿಲ್ಲ, ನಿವೃತ್ತಿಯಿಲ್ಲ, ಬೆಂಚು ಮಾತ್ರ ಕಾಯಂ. ಹೋಟೆಲಿನ ಸ್ಪೀಕರಿನಲ್ಲಿ ಹಾಡು ಶುರುವಾದರೆ ಉಳಿದವರು ಕಿವಿ ಕೊಡುತ್ತಾರೆ. ಈತ ಪಲ್ಲವಿ ಮುಗಿಯಲೂ ಬಿಡದೆ ಬಜ್ಜಿ ಎತ್ತಿ ಹಿಡಿದು, 'ಇವ್ರ ಊರು ಯಾವ್ದು ಹೇಳ್ರೀ ನೋಡೋಣ' ಎನ್ನುತ್ತಾನೆ. ಹಾಡು ಈತನಿಗೆ ಕೇಳುವ ಪದಾರ್ಥವಲ್ಲ, ಖಾತೆ ಬದಲಾಯಿಸಬೇಕಾದ ಜಮೀನು. ಕರ್ನಾಟಕದ ಪಹಣಿ, ಆಂಧ್ರದ ಅಡಂಗಲ್ಲು ಎರಡನ್ನೂ ಬಗಲಲ್ಲಿಟ್ಟುಕೊಂಡು ಹುಟ್ಟಿದವನಂತೆ ಒಬ್ಬೊಬ್ಬ ಗಾಯಕನ ಸರ್ವೆ ನಂಬರನ್ನೂ ಬಾಯಲ್ಲಿ ಇಟ್ಟುಕೊಂಡಿರುತ್ತಾನೆ.

ಎದುರು ಬೆಂಚಿನಲ್ಲಿ ಈತನ ಜೋಡಿ ಕೂತಿರುತ್ತಾನೆ, ತೆಲುಗಿನವನು. ಅವನನ್ನು ಪುಟ್ಟಿನೂರಯ್ಯ ಎಂದು ಕರೆಯೋಣ, ಏಕೆಂದರೆ ಅವರ ಕಡೆ ಮನುಷ್ಯರು ಪುಟ್ಟುತ್ತಾರೆ, ಹುಟ್ಟುವುದಿಲ್ಲ. ಹಾಗೆ ನೋಡಿದರೆ ಹಳಗನ್ನಡದಲ್ಲಿ ನಾವೂ ಪುಟ್ಟುತ್ತಲೇ ಇದ್ದವರು. ಆಮೇಲೆ ಯಾವಾಗಲೋ ಪಕಾರ ಹಕಾರವಾಗಿ, ಪಾಲು ಹಾಲಾಗಿ, ಪಾವು ಹಾವಾಗಿ, ನಾವು ಹುಟ್ಟತೊಡಗಿದೆವು. ಇಬ್ಬರ ನಡುವಿನ ಇಷ್ಟೆಲ್ಲ ಗುದ್ದಾಟಕ್ಕೆ ತಳದಲ್ಲಿರುವುದು ಇದೊಂದು ಅಕ್ಷರ. ಹುಟ್ಟೂರಪ್ಪ ಕಾವೇರಿದನೆಂದರೆ ಅದೂ ಉಳಿಯುವುದಿಲ್ಲ: ಮಾತು ಬಿಸಿಯಾದಂತೆ ಈ ಸೀಮೆಯ ಬಾಯಲ್ಲಿ ಹಕಾರ ಜಾರಿಹೋಗಿ 'ಉಟ್ಟೂರು' ಎಂದು ಗುಡುಗುತ್ತಾನೆ.

ವಾದದ ವಿಷಯ ಎಂದಿನಿಂದಲೂ ಒಂದೇ. ದೊಡ್ಡ ಹಾಡುಗಾರರನ್ನು ಹೆತ್ತ ರಾಜ್ಯ ಯಾವುದು? ಪುಟ್ಟಿನೂರಯ್ಯ ಬೆರಳು ಮಡಿಸುತ್ತಾನೆ. ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು, ಎಸ್. ಜಾನಕಿ ಗುಂಟೂರು ಸೀಮೆಯವರು, ಪಿ. ಸುಶೀಲಾ ವಿಜಯನಗರದವರು, ಅಂದರೆ ಹಂಪಿಯ ವಿಜಯನಗರವಲ್ಲ, ವಿಶಾಖಪಟ್ಟಣದ ಪಕ್ಕದ್ದು. ಬಾಲಸುಬ್ರಹ್ಮಣ್ಯಂ ನೆಲ್ಲೂರು ಕಡೆಯವರು. ನಿಮ್ಮ ಕನ್ನಡ ಸಿನಿಮಾ ಹಾಡಿದ್ದೇ ನಮ್ಮ ಗಂಟಲಿನಲ್ಲಿ, ಎನ್ನುತ್ತಾನೆ. ಹುಟ್ಟೂರಪ್ಪ ಜಗ್ಗುವ ಆಸಾಮಿಯಲ್ಲ. ಧಾರವಾಡದ ದಾರಿ ಹಿಡಿಯುತ್ತಾನೆ: ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಗದುಗಿನ ಭೀಮಸೇನ ಜೋಶಿ, ಬೆಳಗಾವಿ ಜಿಲ್ಲೆ ಸುಳೇಭಾವಿಯ ಕುಮಾರ ಗಂಧರ್ವ. ಅವರು ಜನಪ್ರಿಯರಲ್ಲ, ಪಂಡಿತರು, ಸಿನಿಮಾ ಮಾತಾಡು ಎಂದು ಎದುರಿನವನು ಕೆಣಕಿದರೆ ಕಡೆಯ ಅಸ್ತ್ರ ಹೊರಬರುತ್ತದೆ. ಅಣ್ಣಾವ್ರು. 'ಜೀವನ ಚೈತ್ರ' ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ತಂದವರು, ನಟರಾಗಿ ಅಲ್ಲ, ಗಾಯಕರಾಗಿ! ಇಲ್ಲಿಗೆ ಪಂದ್ಯ ಮುಗಿಯಿತೆಂದು ಹುಟ್ಟೂರಪ್ಪ ಬಜ್ಜಿಯ ತೊಟ್ಟನ್ನು ತಟ್ಟೆಗೆ ಎಸೆಯುತ್ತಾನೆ. ಪುಟ್ಟಿನೂರಯ್ಯ ಮೆಲ್ಲಗೆ ಕೇಳುತ್ತಾನೆ: 'ಗಾಜನೂರು ಯಾವ ರಾಷ್ಟ್ರದಾಗೆ ಬರ್ತದಣ್ಣಾ?'

ಅಣ್ಣಾವ್ರು, ಅಂದರೆ ರಾಜ್‌ಕುಮಾರ್, ಹುಟ್ಟಿದ ಗಾಜನೂರು ಇಂದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿದೆ. ಹುಟ್ಟೂರಪ್ಪನಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ, ಹೇಳದೆ ಬಿಟ್ಟ ಸಂಗತಿ. ಈತನ ವಿದ್ಯೆಯೆಲ್ಲ ಇರುವುದೇ ಇಲ್ಲಿ. ಈತನ ಕೈಯಲ್ಲಿ ನಾಲ್ಕು ಅಳತೆಗೋಲುಗಳಿವೆ: ಹುಟ್ಟಿದ ಊರು, ಮನೆಮಾತು, ಅನ್ನ ತಿಂದ ನೆಲ, ಹಾಡಿದ ಭಾಷೆ. ಕಾಕಿನಾಡದ ಶ್ರೀನಿವಾಸರಿಗೆ ಹಾಡಿದ ಭಾಷೆಯ ಗೋಲು ಹಿಡಿದು ಕನ್ನಡಿಗರೆಂದು ಬರೆದುಕೊಳ್ಳುತ್ತಾನೆ. ಪುಣೆಯಲ್ಲಿ ನೆಲೆಸಿ ಮರಾಠಿ ಅಭಂಗ ಹಾಡಿದ ಭೀಮಸೇನ ಜೋಶಿಯವರ ಹತ್ತಿರ ಬಂದಾಗ ಆ ಗೋಲು ಮುರಿಯುತ್ತದೆ, ಹುಟ್ಟೂರಿನದು ಹೊರಬರುತ್ತದೆ. ರಾಜ್‌ಕುಮಾರರಿಗೆ ಮನೆಮಾತು. ಬಾಲಸುಬ್ರಹ್ಮಣ್ಯಂ ಅವರಿಗೆ ನಾಲ್ಕರಲ್ಲಿ ಯಾವುದು ಹೊಂದಿದರೆ ಅದು. ಗದುಗಿನ ಪಂಚಾಕ್ಷರಿ ಗವಾಯಿಗಳ ಮೇಲಿನ ಕನ್ನಡ ಚಿತ್ರಕ್ಕೆ ಅವರು ಹಾಡಿ ರಾಷ್ಟ್ರಪ್ರಶಸ್ತಿ ಪಡೆದರಲ್ಲ, ಸಾಲದೇ? ಸಾಲದಿದ್ದರೆ ಇನ್ನೊಂದಿದೆ: ಅವರು ಎಂಜಿನಿಯರಿಂಗ್ ಓದಲು ಸೇರಿದ್ದು ಅನಂತಪುರದಲ್ಲೇ, ನಮ್ಮ ಸೀಮೆಯ ನೀರು ಕುಡಿದವರು. ಅಲ್ಲಿ ಟೈಫಾಯ್ಡ್ ಹಿಡಿದು ಓದು ಬಿಟ್ಟು ಹೋದವರ ವಿಷಯದಲ್ಲಿ ನೀರಿನ ಮಾತು ಎತ್ತದಿರುವುದು ಲೇಸು. ಆದರೆ ಅಂಪೈರೇ ಬ್ಯಾಟು ಹಿಡಿದು ನಿಂತಾಗ ಔಟ್ ಎನ್ನುವವರು ಯಾರು?

ಹುಟ್ಟೂರಪ್ಪ ಪ್ರಾಮಾಣಿಕನಾಗಿದ್ದು, ಹುಟ್ಟಿದ ಊರಿನ ಗೋಲೊಂದನ್ನೇ ಕಡೆತನಕ ಹಿಡಿದನೆನ್ನೋಣ. ಆಗ ಇನ್ನೂ ದೊಡ್ಡ ಪೇಚು. ರಾಜ್‌ಕುಮಾರ್ ಹುಟ್ಟಿದ್ದು 1929ರಲ್ಲಿ, ಶ್ರೀನಿವಾಸ್ 1930ರಲ್ಲಿ, ಸುಶೀಲಾ 1935ರಲ್ಲಿ, ಜಾನಕಿ 1938ರಲ್ಲಿ, ಬಾಲಸುಬ್ರಹ್ಮಣ್ಯಂ 1946ರಲ್ಲಿ. ಆ ಕಾಲಕ್ಕೆ ಗಾಜನೂರು, ಕಾಕಿನಾಡ, ಗುಂಟೂರು, ನೆಲ್ಲೂರು ಎಲ್ಲವೂ ಮದರಾಸು ಪ್ರಾಂತ್ಯ. ಐದೂ ಜನ ಒಂದೇ ಪ್ರಾಂತ್ಯದಲ್ಲಿ ಹುಟ್ಟಿದವರು, ರಾಯದುರ್ಗವೂ ಅದೇ ಪ್ರಾಂತ್ಯದ್ದು. ಈ ಲೆಕ್ಕದಲ್ಲಿ ಕಪ್ಪು ಗೆದ್ದ ರಾಜ್ಯ ಇವತ್ತು ನಕಾಶೆಯಲ್ಲೇ ಇಲ್ಲ. ಇದನ್ನು ಎತ್ತಿ ತೋರಿಸಿದರೆ ಎರಡೂ ಬೆಂಚಿನಿಂದ ಒಂದೇ ಉತ್ತರ: ಅದು ಬ್ರಿಟಿಷರ ಕಾಲದ್ದು, ಲೆಕ್ಕಕ್ಕಿಲ್ಲ.

ಬೇರೆ ಊರಿನವರು ಹಾಗೆಂದರೆ ಕ್ಷಮಿಸಬಹುದು, ರಾಯದುರ್ಗದವನು ಅನ್ನುವಂತಿಲ್ಲ. ಈ ತಾಲ್ಲೂಕು 1953ರ ಸೆಪ್ಟೆಂಬರ್ 30ರ ರಾತ್ರಿ ಬಳ್ಳಾರಿ ಜಿಲ್ಲೆಯಲ್ಲಿ ಮಲಗಿ ಬೆಳಿಗ್ಗೆ ಆಂಧ್ರ ರಾಜ್ಯದಲ್ಲಿ ಎದ್ದ ತಾಲ್ಲೂಕು. ಬಳ್ಳಾರಿ, ಹೊಸಪೇಟೆ ಮೊದಲಾದವು ಮೈಸೂರಿಗೆ ಹೋದವು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಉಳಿದವು. ಒಂದೇ ಮನೆಯಲ್ಲಿ ಒಬ್ಬ ತಾಯಿಗೆ 1950ರಲ್ಲಿ ಒಬ್ಬ, 1955ರಲ್ಲಿ ಒಬ್ಬ, 1957ರಲ್ಲಿ ಒಬ್ಬ ಮಗ ಹುಟ್ಟಿದ್ದರೆ ದೊಡ್ಡವನು ಮದರಾಸಿನವನು, ನಡುವಿನವನು ಆಂಧ್ರ ರಾಜ್ಯದವನು, ಚಿಕ್ಕವನು ಆಂಧ್ರ ಪ್ರದೇಶದವನು. ತಾಯಿ ಮಾತ್ರ ಅದೇ ಹಿತ್ತಿಲ ಬಾವಿಯಿಂದ ನೀರು ಸೇದುತ್ತಿದ್ದಳು. ಮಡಕಶಿರಾದ ಕಥೆ ಇನ್ನೊಂದು ಬಗೆಯದು. ನಕಾಶೆಯಲ್ಲಿ ಅದು ಕರ್ನಾಟಕದೊಳಕ್ಕೆ ಚಾಚಿದ ನಾಲಿಗೆ, ಪಕ್ಕದ ಪಾವಗಡ ಆಂಧ್ರದೊಳಗೆ ಸಿಕ್ಕಿಕೊಂಡ ತುತ್ತು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಆ ನಾಲಿಗೆಯ ಮೇಲಿದೆ. ಅಲ್ಲಿಯವರನ್ನು ಸರ್ಕಾರ 2022ರಲ್ಲಿ ಅನಂತಪುರದಿಂದ ಎತ್ತಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಇಳಿಸಿತು, ಯಾರೂ ಮಂಚದಿಂದ ಏಳಲೂ ಇಲ್ಲ. ಕೂತಲ್ಲೇ ಕೂತವರ ಕೆಳಗೆ ರಾಜ್ಯ, ಜಿಲ್ಲೆಗಳು ಹೀಗೆ ಓಡಾಡಿರುವಾಗ, ರಾಜ್ಯವೇ ಮನುಷ್ಯನನ್ನು ಮಾಡುತ್ತದೆಂದು ನಂಬುವ ಹಕ್ಕು ದೇಶದಲ್ಲಿ ಯಾರಿಗಾದರೂ ಇರಲಿ, ಈ ಎರಡು ಬೆಂಚಿಗಂತೂ ಇಲ್ಲ.

ಹಾಗಾದರೆ ಧಾರವಾಡದ್ದು ಏನು, ಒಂದೇ ಸೀಮೆಯಲ್ಲಿ ಅಷ್ಟು ಜನ ಹುಟ್ಟಿದ್ದು ಕಾಕತಾಳೀಯವೇ ಎಂದು ಹುಟ್ಟೂರಪ್ಪ ಕೇಳಿದರೆ ಅದನ್ನು ತಳ್ಳಿಹಾಕುವಂತಿಲ್ಲ. ಅವನ ಬತ್ತಳಿಕೆಯಲ್ಲಿರುವ ಗಟ್ಟಿ ಬಾಣ ಅದೊಂದೇ. ಆದರೆ ಅಲ್ಲಿಯ ಮಣ್ಣನ್ನು ಹೊಗಳುವ ಮುಂಚೆ ಯಾರು ಯಾರಿಗೆ ಹೇಳಿಕೊಟ್ಟರೆಂದು ನೋಡಬೇಕು. ಉತ್ತರ ಪ್ರದೇಶದ ಕೈರಾನಾದ ಅಬ್ದುಲ್ ಕರೀಂ ಖಾನರು ಮಿರಜಿನಲ್ಲಿ ನೆಲೆಸಿದರು, ಮೈಸೂರು ಅರಮನೆಗೆ ಹೋಗಿಬರುವ ದಾರಿಯಲ್ಲಿ ಧಾರವಾಡ, ಹುಬ್ಬಳ್ಳಿಯಲ್ಲಿ ಇಳಿಯುತ್ತಿದ್ದರು. ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ ಸವಾಯಿ ಗಂಧರ್ವರಾದರು. ಗಂಗೂಬಾಯಿ, ಭೀಮಸೇನ ಇಬ್ಬರೂ ಕಲಿತದ್ದು ಅವರಲ್ಲಿ. ಮನ್ಸೂರರು ಜೈಪುರ ಘರಾಣೆಯ ಮಂಜೀ ಖಾನ್, ಭೂರ್ಜೀ ಖಾನರ ಕೈಯಲ್ಲಿ ಪಳಗಿದವರು. ನೆಲ ಧಾರವಾಡದ್ದು, ಬೀಜ ಉತ್ತರದ್ದು, ನೀರು ಮೈಸೂರು, ಮಿರಜಿನ ರಾಜರದ್ದು, ತಂದುಹಾಕಿದ್ದು ರೈಲು. ಬೆಳೆ ಬಂದಮೇಲೆ ಗೊಬ್ಬರ ಹಾಕಿದವರನ್ನು ಬಿಟ್ಟು ಬದುವಿಗೆ ಸನ್ಮಾನ ಮಾಡುವುದು ನಮ್ಮವರ ಅಭ್ಯಾಸ. ಸಿನಿಮಾ ಹಾಡಿನದೂ ಅದೇ ಕಥೆ. ಕನ್ನಡ ಚಿತ್ರಗಳ ಹಾಡುಗಳು ಬಹುಕಾಲ ಮದರಾಸಿನ ಸ್ಟುಡಿಯೋಗಳಲ್ಲೇ ಧ್ವನಿಮುದ್ರಣವಾದವು. ಮೈಕು ಅಲ್ಲಿತ್ತು, ವಾದ್ಯದವರು ಅಲ್ಲಿದ್ದರು, ಕಾಕಿನಾಡದವರೂ ಮೈಸೂರಿನವರೂ ಅಲ್ಲಿಗೇ ಹೋದರು. ಕನ್ನಡದ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ದುಡಿದ ಪಣ್ಣೈಪುರದ ತಮಿಳು ಹುಡುಗನೇ ಇಳಯರಾಜಾ. ಹೆತ್ತದ್ದು ಯಾರು ಎಂಬುದಕ್ಕಿಂತ ಬಾಡಿಗೆ ಮನೆ ಕೊಟ್ಟವರು ಯಾರು ಎಂದು ಕೇಳಿದ್ದರೆ ಈ ವ್ಯಾಜ್ಯ ಅರ್ಧ ಗಂಟೆಯಲ್ಲಿ ಇತ್ಯರ್ಥವಾಗುತ್ತಿತ್ತು.

ಶಾಸ್ತ್ರೀಯರ ಕಡೆ ಹೊರಳಿದರೆ ಖಾತೆಗಳು ಇನ್ನೂ ಕಲಸುಮೇಲೋಗರ. ತ್ಯಾಗರಾಜರು ತಮಿಳು ನೆಲದ ತಿರುವಾರೂರಿನಲ್ಲಿ ಹುಟ್ಟಿ ತಿರುವೈಯಾರಿನಲ್ಲಿ ಬಾಳಿ ತೆಲುಗಿನಲ್ಲಿ ಹಾಡು ಕಟ್ಟಿದರು. ಅಲ್ಲಿ ಪಾಳುಬಿದ್ದಿದ್ದ ಅವರ ಸಮಾಧಿಗೆ ತನ್ನ ದುಡ್ಡು ಸುರಿದು 1925ರ ಹೊತ್ತಿಗೆ ಗುಡಿ ಎಬ್ಬಿಸಿದವಳು ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. ಪುರಂದರದಾಸರ ಹುಟ್ಟೂರು ಪುಣೆ ಬಳಿಯ ಪುರಂದರಗಡವೋ ತೀರ್ಥಹಳ್ಳಿ ಕಡೆಯ ಆರಗವೋ ಎಂದು ವಿದ್ವಾಂಸರೇ ಜಗಳವಾಡುತ್ತಾರೆ, ಇನ್ನು ಹೋಟೆಲಿನವರ ಪಾಡೇನು? ವಿಚಿತ್ರವೆಂದರೆ ಈ ಎರಡು ಬೆಂಚುಗಳ ಕಾಲಬುಡದಲ್ಲೇ ಇರುವ ಮನುಷ್ಯನನ್ನು ಇಬ್ಬರೂ ಎತ್ತುವುದಿಲ್ಲ. ಪಕ್ಕದ ಕಲ್ಯಾಣದುರ್ಗ ಸೀಮೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮೂರು ದಶಕಕ್ಕೂ ಮೀರಿ ತೆಲುಗು ಹೇಳಿದರು, ಬಿಡಾರಂ ಕೃಷ್ಣಪ್ಪನವರಲ್ಲಿ ಸಂಗೀತ ಕಲಿತರು, 'ಗಾನಕಲೆ' ಎಂಬ ಪುಸ್ತಕವನ್ನು ಕನ್ನಡದಲ್ಲಿ ಬರೆದರು, ತಿರುಪತಿಯಲ್ಲಿ ಅನ್ನಮಾಚಾರ್ಯರ ಕೀರ್ತನೆಗಳಿಗೆ ರಾಗ ಕೂಡಿಸಿದರು, 1974ರಲ್ಲಿ ಮದರಾಸಿನವರಿಂದ ಸಂಗೀತ ಕಲಾನಿಧಿ ಎನಿಸಿಕೊಂಡರು. ನಾಲ್ಕು ಅಳತೆಗೋಲುಗಳಿಗೂ ಎರಡೂ ಕಡೆಯಿಂದ ಒಗ್ಗುವ ಮನುಷ್ಯ. ಅದೇ ತಾಪತ್ರಯ. ಇಬ್ಬರಿಗೂ ಸಲ್ಲುವವರಿಂದ ಯಾರಿಗೂ ಪಾಯಿಂಟು ಸಿಗುವುದಿಲ್ಲ.

ಇಷ್ಟಾದರೂ ಹುಟ್ಟೂರಪ್ಪನನ್ನು ಬರೀ ಹರಟೆಮಲ್ಲನೆಂದು ಕೈಬಿಡುವಂತಿಲ್ಲ. ಅವನ ಪರವಾಗಿ ಒಂದು ಮಾತಿದೆ, ಅದನ್ನು ಅವನಿಗಿಂತ ಚೆನ್ನಾಗಿ ನಾವೇ ಹೇಳಬೇಕು. ಬೆಂಗಳೂರಿನ ಕನ್ನಡಿಗನಿಗೆ ಶ್ರೀನಿವಾಸ್ ಯಾರವರಾದರೂ ನಡೆಯುತ್ತದೆ, ಅವನ ರೇಷನ್ ಕಾರ್ಡು ಕನ್ನಡದಲ್ಲಿದೆ. ಈತನ ಮನೆಯಲ್ಲಿ ಕನ್ನಡ, ಕಚೇರಿಯ ಕಾಗದದಲ್ಲಿ ತೆಲುಗು, ಬಸ್ಸಿನ ಬೋರ್ಡಿನಲ್ಲಿ ತೆಲುಗು, ಮೊಮ್ಮಗನ ಶಾಲೆಯಲ್ಲಿ ಇಂಗ್ಲಿಷು. ನೆಂಟರು, ಸಂತೆ, ಆಸ್ಪತ್ರೆ ಅಂತೆಲ್ಲ ಬಳ್ಳಾರಿಗೆ ಓಡುವುದು, ಅರ್ಜಿ ಹಿಡಿದು ಅನಂತಪುರಕ್ಕೆ ಓಡುವುದು. ಹಿಸ್ಸೆಯಲ್ಲಿ ಜಮೀನು ಅತ್ತ ಹೋದಮೇಲೆ ಮನೆದೇವರಾದರೂ ಇತ್ತ ಇರಲಿ ಎನ್ನುವವನ ಹಟ ಅದು. ನ್ಯಾಯವಾದ ಹಟ ಎಂದೇ ಒಪ್ಪೋಣ. ಒಪ್ಪಿದ ಮೇಲೂ ಒಂದು ತಮಾಷೆ ಉಳಿಯುತ್ತದೆ. ಈ ಊರಿನ ಕನ್ನಡ ಸರ್ಕಾರದ ನೆರವಿಗೆ ಕಾಯದೆ ಉಳಿದದ್ದರಲ್ಲಿ ರೇಡಿಯೋದ ಪಾಲು ದೊಡ್ಡದು, ಆ ರೇಡಿಯೋದಲ್ಲಿ ಕನ್ನಡ ನುಡಿದದ್ದು ಬಹುಪಾಲು ಕಾಕಿನಾಡ, ಗುಂಟೂರಿನ ನಾಲಿಗೆಗಳು. ಹಕಾರವನ್ನು ಹಕಾರವಾಗಿ, ಳಕಾರವನ್ನು ಳಕಾರವಾಗಿ ಹುಟ್ಟೂರಪ್ಪ ಮೊದಲು ಕೇಳಿದ್ದು ಮನೆಯಲ್ಲಲ್ಲ, ತೆಲುಗು ಮನೆಮಾತಿನ ಶ್ರೀನಿವಾಸರ ಬಾಯಲ್ಲಿ. ಅವರನ್ನು ಕನ್ನಡಿಗರೆಂದು ಈತ ವಾದಿಸುವಾಗ ಹಕಾರ ತಪ್ಪುತ್ತಾನೆ, ಅವರು ತಪ್ಪಿದವರಲ್ಲ. ಇದನ್ನು ಎದುರು ಬೆಂಚಿನವನಿಗೆ ಹೇಳಿಕೊಡದಿರುವುದು ಒಳ್ಳೆಯದು, ಒಂದು ವಾರಕ್ಕೆ ಸಾಕಾಗುವಷ್ಟು ಮದ್ದುಗುಂಡು ಅವನಿಗೆ ಸಿಕ್ಕಂತಾಗುತ್ತದೆ.

ಅವನಿಗೂ ಬೇರೆ ಕಷ್ಟಗಳಿವೆ, ಅವನ ಲೆಕ್ಕದ ಪುಸ್ತಕವೂ ಹರಿದದ್ದೇ. ಜಾನಕಿಯವರು ಕಡೆಯ ಕಚೇರಿ ಎಂದು ಹೇಳಿ 2017ರಲ್ಲಿ ಹಾಡಿದ್ದು ಹೈದರಾಬಾದಿನಲ್ಲಲ್ಲ, ಗುಂಟೂರಿನಲ್ಲೂ ಅಲ್ಲ, ಮೈಸೂರಿನಲ್ಲಿ. ಈ ವಿಷಯ ಬಂದಾಗ ಪುಟ್ಟಿನೂರಯ್ಯ ಚಟ್ನಿ ಕೇಳಲು ಎದ್ದು ಹೋಗುತ್ತಾನೆ.

ಹೋಟೆಲಿನಲ್ಲಿ ಇವೆರಡೂ ಬೆಂಚಿಗೆ ಸೇರದವನೊಬ್ಬನಿರುತ್ತಾನೆ, ಒಲೆಯ ಮುಂದೆ. ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿಯನ್ನು ಎಣ್ಣೆಗೆ ಬಿಡುತ್ತ, ಜರಡಿಸೌಟಿನಿಂದ ತಿರುವುತ್ತ, ಶ್ರೀನಿವಾಸ್ ಮತ್ತು ಜಾನಕಿಯವರ ಯುಗಳಗೀತೆ ಬಂದರೆ ಜೊತೆಗೆ ಗುನುಗುತ್ತಾನೆ, ಎರಡೂ ದನಿಯಲ್ಲಿ. ಮನೆಯಲ್ಲಿ ಯಾವ ಮಾತಾಡುತ್ತಾನೋ ಅವನ ಗುನುಗಿನಿಂದ ತಿಳಿಯುವುದಿಲ್ಲ. ವಾದ ಬಿಗಿದು ಸಾಕ್ಷಿ ಬೇಕಾದಾಗ ಇಬ್ಬರೂ ಅವನ ಕಡೆ ತಿರುಗುತ್ತಾರೆ. 'ಏ ತಮ್ಮಾ, ಈ ಹಾಡು ಯಾರದು ಹೇಳಪ್ಪಾ?' ಎಂದು ಹುಟ್ಟೂರಪ್ಪ. 'ನೀನೇ ಚೆಪ್ಪು' ಎಂದು ಪುಟ್ಟಿನೂರಯ್ಯ. ಬಾಣಲೆಯಿಂದ ಕಣ್ಣೆತ್ತದೆ ಅವನು ಹೇಳುತ್ತಾನೆ: 'ಇನ್ಯಾರದಣ್ಣಾ, ರಾಜ್‌ಕುಮಾರ್‌ದು.' ಒಂದು ಕ್ಷಣ ಎರಡೂ ಬೆಂಚು ಸ್ತಬ್ಧ. ಆಮೇಲೆ ಅವನನ್ನು ತಿದ್ದಲು ಇಬ್ಬರೂ ಒಟ್ಟಿಗೇ ಏಳುತ್ತಾರೆ, ಒಬ್ಬ ಕನ್ನಡದಲ್ಲಿ, ಇನ್ನೊಬ್ಬ ತೆಲುಗಿನಲ್ಲಿ, ಒಂದೇ ಮಾತನ್ನು ಹೇಳುತ್ತ. ಅಷ್ಟರಲ್ಲಿ ಒಂದು ಘಾಣ ಬಜ್ಜಿ ಸೀದಿರುತ್ತದೆ.